ತೊದಲುತ್ತಲೇ ಓದಿದ ಪಾಠ

ತ್ಯಾನ್‌ಶುಯಿ, ಮೇ ೯

ಪ್ರೀತಿಯ ಅಪ್ಪನಿಗೆ,

ನಿನ್ನೆ ಶೆನ್ ಮೇಷ್ಟ್ರು ಇಂಗ್ಲಿಷ್ ಪಾಠ ಓದಿ ವಿವರಿಸಲು ನನ್ನನ್ನೇ ಎಬ್ಬಿಸಿದರು. ಮೊದಲ ಪದಕ್ಕೇ ನಾಲಿಗೆ ತೊದಲಿತು. ಹಿಂದಿನ ಬೆಂಚಿನ ಗುವೊ ರುಯಿ, "ಗಾಡಿ ಸ್ಟಾರ್ಟೇ ಆಗ್ತಿಲ್ಲ, ಯಾರಾದ್ರೂ ತಳ್ರೋ!" ಎಂದು ಕೂಗಿದ. ಎಲ್ಲರೂ ನಕ್ಕರು. ನಾನು ಕೂರಲಿಲ್ಲ. ತೊದಲುತ್ತಲೇ ಕೊನೆಯವರೆಗೂ ಓದಿದೆ. ಪಾಠದ ಕಥೆಯಲ್ಲಿ ಮಗು ಏಳುವಷ್ಟರಲ್ಲಿ ತಾಯಿ ಆಗಲೇ ಹೋಗಿಬಿಟ್ಟಿದ್ದಳು, ಕ್ರಿಯಾಪದ ಬದಲಾಗಿದ್ದು ಅದಕ್ಕೇ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಸಂಜೆ ಹಾಸ್ಟೆಲಿನ ಊಟದ ಸಾಲಿನಲ್ಲಿ ಗುವೊ ರುಯಿಯೇ ಬಂದು, "ಲೇ ಯಾಚಿನ್, ಆ ವ್ಯಾಕರಣ ನಂಗೂ ಸ್ವಲ್ಪ ಹೇಳ್ಕೊಡೇ" ಅಂದ.

ಭಾನುವಾರ ಪೋಷಕರ ಸಭೆಗೆ ಬರುವಾಗ ಅಮ್ಮನ ಮೆಣಸಿನಕಾಯಿ ಚಟ್ನಿ ತನ್ನಿ. ಮೇಷ್ಟ್ರು ನನ್ನನ್ನು ಏನಾದರೂ ಕೇಳಿದರೆ, ಎಂದಿನಂತೆ ನನ್ನ ಬದಲು ನೀವು ಉತ್ತರಿಸಬೇಡಿ ಅಪ್ಪ. ಎಷ್ಟು ಹೊತ್ತಾದರೂ ಕಾಯಿರಿ. ನಾನೇ ಹೇಳುತ್ತೇನೆ.

ನಿಮ್ಮ ಮಗಳು,
ಫಾಂಗ್ ಯಾಚಿನ್