ತಾಯಿಯ ಉದ್ಯೋಗ: ಬ್ಯಾಂಕ್ ಮ್ಯಾನೇಜರ್

ಮಹಾರಾಣಿಯವರಿಗೆ,

ಆರನೇ ಕ್ಲಾಸಿನಲ್ಲಿದ್ದಾಗ ನೀನು ಸ್ಕೂಲಿನ ಗೇಟಿನಲ್ಲಿ ನನ್ನನ್ನು ತಡೆದು, "ಈ ಅಟೆಂಡರ್ ಯೂನಿಫಾರ್ಮ್ ಹಾಕ್ಕೊಂಡು ನನ್ನ ಅಮ್ಮ ಅಂತ ಯಾರ ಹತ್ರಾನೂ ಹೇಳ್ಕೋಬೇಡ" ಎಂದಿದ್ದೆ. ಆಗಲಿ ಎಂದು ಮಾತು ಕೊಟ್ಟಿದ್ದೆ.

ಬೆಳಿಗ್ಗೆ ಎಬ್ಬಿಸುವುದಿಲ್ಲ. ಮುಖ ನೋಡಿದರೆ ಏನಾದರೂ ಅಂದುಬಿಟ್ಟೇನು. ಹಾಲು ಕಾಯಿಸಿಕೋ. ನಿನ್ನ ತಟ್ಟೆ ನೀನೇ ತೊಳಿ, ಬ್ಯಾಂಕ್ ಮ್ಯಾನೇಜರುಗಳು ಪಾತ್ರೆ ತೊಳೆಯುವುದಿಲ್ಲ.

ರಜೆಯಲ್ಲಿ ಫೈನಾನ್ಸ್ ಇಂಟರ್ನ್‌ಶಿಪ್ ಬೇಕೆಂದು ಇಪ್ಪತ್ತು ಕಡೆ ಅರ್ಜಿ ಹಾಕಿದ್ದೀಯಲ್ಲ, ಅದರಲ್ಲಿ ಒಂದು ನಮ್ಮ ಆಡಿಟರ್ ಆಫೀಸಿನದು. ಹದಿಮೂರು ವರ್ಷದಿಂದ ಅಮ್ಮ ಎಲ್ಲಿ ದುಡಿಯುತ್ತಾಳೆ ಎಂದು ನೀನು ಒಮ್ಮೆಯೂ ಕೇಳಿಲ್ಲ. ಅಲ್ಲಿಗೆ ಬರುವ ಕಾಗದಗಳಿಗೆ ತಾರೀಖಿನ ಸೀಲು ಒತ್ತುವವಳು ನಾನು. ತಾಯಿಯ ಉದ್ಯೋಗ ಎಂಬಲ್ಲಿ ನೀನು ಬರೆದದ್ದನ್ನು ಓದಿಯೇ ಸೀಲು ಒತ್ತಿ ಒಳಗೆ ಕೊಟ್ಟೆ.

ಸಾಹೇಬರು ಕರೆದು, "ಹುಡುಗಿ ಚುರುಕಾಗಿದಾಳೆ ಕಣಮ್ಮ. ಅಡ್ರೆಸ್ ನಿಮ್ಮ ಬೀದೀದೇ. ಈ ಮ್ಯಾನೇಜರ್ ಯಾವ ಬ್ಯಾಂಕು, ಗೊತ್ತಾ? ಒಂದು ಫೋನ್ ಮಾಡಿ ವಿಚಾರಿಸ್ತೀನಿ" ಎಂದರು. ವಿಚಾರಿಸಿದ್ದರೆ ನಿನ್ನ ಅರ್ಜಿ ನೇರ ಕಸದ ಬುಟ್ಟಿಗೆ ಹೋಗುತ್ತಿತ್ತು, ಅದನ್ನು ಖಾಲಿ ಮಾಡುವವಳೂ ನಾನೇ.

ಸೋಮವಾರ ಹತ್ತು ಗಂಟೆಗೆ ಬರಹೇಳಿದ್ದಾರೆ. ಆ ಸಾಲು ತಿದ್ದಿ, ಹೊಸ ಅರ್ಜಿ ತೆಗೆದುಕೊಂಡು ಹೋಗು. ಕೂದಲು ನೆಟ್ಟಗೆ ಬಾಚಿಕೋ. ಅಲ್ಲಿ ನನ್ನನ್ನು ನೋಡಿ ಮುಖ ತಿರುಗಿಸಬೇಕಾಗಿಲ್ಲ, ಎಲ್ಲರಿಗೂ ಗೊತ್ತಾಗಿದೆ.

ಸಾಹೇಬರ ಮುಂದೆ ಯೂನಿಫಾರ್ಮಿನಲ್ಲೇ ನಿಂತು, ಇವಳು ನನ್ನ ಮಗಳು ಎಂದು ಹೇಳಿದೆ. ಕೊಟ್ಟ ಮಾತು ಮುರಿದಿದ್ದೇನೆ.

ಅಮ್ಮ