ಬೆರಳು ಸುಡದ ದೀಪ

ಅಕ್ಟೋಬರ್ 14, ಸಂಜೆ

ಲಿಫ್ಟಿನಲ್ಲಿ ಮತ್ತೆ ಆ ನೋಟೀಸು. ನಿನ್ನೆಯದನ್ನು ಯಾರೋ ಹರಿದಿದ್ದರು. ಇವತ್ತು ಲ್ಯಾಮಿನೇಷನ್ ಮಾಡಿಸಿ ಅಂಟಿಸಲಾಗಿದೆ. ‘ಕಟ್ಟಡದ ಒಳಗೆ ಬೆಂಕಿಯ ದೀಪ ಹಚ್ಚುವಂತಿಲ್ಲ. ಬೆಳಕಿನ ಹಬ್ಬವನ್ನು ಸುರಕ್ಷಿತವಾಗಿ ಆಚರಿಸಿ.’ ಕೆಳಗೆ ಸೆಕ್ರೆಟರಿಯ ಸಹಿ. ಸೆಕ್ರೆಟರಿ ಅಂದರೆ ನನ್ನ ಗಂಡ. ಹೋದ ದೀಪಾವಳಿಗೆ ಮೂರನೇ ಮಹಡಿಯ ಮೇಷ್ಟ್ರ ಮನೆ ದೀಪದ ಹೊಗೆಗೆ ಅಲಾರಂ ಹೊಡೆದು, ಫೈರ್ ಎಂಜಿನ್ ಬಂದು, ಎಲ್ಲರೂ ಬರಿಗಾಲಲ್ಲಿ ರಸ್ತೆಗೆ ಓಡಿದ್ದು ನಿಜ. ಆದರೆ ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳುತ್ತಾರಾ?

ಅಂಗಡಿಯಲ್ಲೂ ಇದೇ ಗೋಳು. ಕನ್ನಡಕದಂಗಡಿ — ಗಿರಾಕಿಗಳ ಕಣ್ಣು ಪರೀಕ್ಷಿಸಿ ನಂಬರ್ ಬರೆದುಕೊಡುವುದು ನನ್ನ ಕೆಲಸ. ಓನರ್ ಹೊಸ ಬ್ಯಾನರ್ ಕಟ್ಟಿಸಿದ್ದಾರೆ. ಬೆಳಕಿನ ಹಬ್ಬದ ಪ್ರಯುಕ್ತ ಕಪ್ಪು ಕನ್ನಡಕಗಳ ಮೇಲೆ ಭಾರಿ ರಿಯಾಯಿತಿ.

“ಸರ್, ಇದ್ರಲ್ಲಿ ಏನೋ ಎಡವಟ್ಟಾಗಿಲ್ವಾ?” ಅಂದೆ.

“ಯಾಕೆ, ಸ್ಪೆಲ್ಲಿಂಗ್ ತಪ್ಪಿದ್ಯಾ?” ಅಂದರು.

ಅಕ್ಟೋಬರ್ 17

ಅತ್ತೆ ಬೆಳಗಿನಿಂದ ಬತ್ತಿ ಹೊಸೆಯುತ್ತಿದ್ದಾರೆ. ಎರಡೂ ಕಣ್ಣು ಹೋದ ಮೇಲೆ ಇದು ಅವರ ಮೊದಲ ದೀಪಾವಳಿ. ಬೇಸಿಗೆಯಲ್ಲಿ ಡಾಕ್ಟರು ಕೈಚೆಲ್ಲಿಬಿಟ್ಟರು. ಆದರೂ ಹತ್ತಿ ಹಿಂಜಿ, ಅಂಗೈಗೆ ಚೂರು ಹಾಲು ಸವರಿಕೊಂಡು ಹೊಸೆದರೆ ಎಲ್ಲ ಬತ್ತಿಯೂ ಒಂದೇ ಅಳತೆ. ನನ್ನವು ಕಂಬಳಿಹುಳದ ಹಾಗಿವೆ. ಮುಟ್ಟಿ ನೋಡಿ ನಕ್ಕರು.

ಇವರು ಆಫೀಸಿನಿಂದ ಬರುವಾಗ ಒಂದು ಬಾಕ್ಸ್ ತಂದರು. ಬ್ಯಾಟರಿ ದೀಪ. ಪ್ಲಾಸ್ಟಿಕ್ ಜ್ವಾಲೆ, ತಳದಲ್ಲಿ ಸ್ವಿಚ್. ಅಡುಗೆಮನೆಗೆ ಕರೆದು ಪಿಸುಗುಟ್ಟಿದರು.

“ಇದನ್ನೇ ಇಟ್ಟು ಹಚ್ಚಿದೀವಿ ಅಂದ್ಬಿಡೋಣ. ಅಮ್ಮಂಗೆ ಹೇಗೂ ಕಾಣಲ್ಲ.”

“ಕಾಣಲ್ಲ ಅಂತ ಏನ್ ಬೇಕಾದ್ರೂ ಹೇಳ್ಬಹುದಾ?”

“ಸೆಕ್ರೆಟರಿ ಮನೇಲೇ ಅಲಾರಂ ಹೊಡೆದ್ರೆ ನನ್ನ ಮರ್ಯಾದೆ ಏನಾಗ್ಬೇಕು?”

ನಿಜ ಹೇಳಿ ಅಂದೆ. ಅಮ್ಮ, ಈ ವರ್ಷ ಹಚ್ಚೋಕಾಗಲ್ಲ ಅಂತ ಬಾಯಿಬಿಟ್ಟು ಹೇಳಿ, ಅರ್ಥ ಮಾಡಿಕೊಳ್ಳುತ್ತಾರೆ. ಅಮ್ಮನಿಗೆ ಬೇಜಾರಾಗುತ್ತದಂತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೆತ್ತ ತಾಯಿಯ ಕಿವಿಗೇ ಹೂವಿಡುವ ಮಗ.

ಅಕ್ಟೋಬರ್ 20

ಇವತ್ತು ಹಬ್ಬ.

ಸಂಜೆ ಅತ್ತೆ ಹೊಸ ಸೀರೆಯುಟ್ಟು ಕೂತರು. ಇವರು ಸ್ವಿಚ್ ಒತ್ತಿದರು. “ಹಚ್ಚಿದೀನಿ ಅಮ್ಮ.”

“ಎಣ್ಣೆ ವಾಸನೇನೇ ಇಲ್ವಲ್ಲೋ?”

“ಹೊಸ ಬ್ರಾಂಡು. ವಾಸನೆ ಬರಲ್ಲ.”

ಅತ್ತೆ ಎಂದಿನಂತೆ ಎರಡೂ ಅಂಗೈ ದೀಪದ ಮೇಲೆ ಚಾಚಿದರು, ಶಾಖ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳಲು. ಶಾಖ ಸಿಗಲಿಲ್ಲ. ಕೈ ಇಳಿಸಿದರು. ಇನ್ನೂ ಇಳಿಸಿದರು... ತೋರುಬೆರಳು ಜ್ವಾಲೆಗೆ ತಗುಲಿತು. ಅಲ್ಲೇ ನಿಂತಿತು. ಇವರು ಫೋಟೋ ತೆಗೆಯುತ್ತಿದ್ದರು, ಎದುರಿಗೇ ಇದ್ದರು, ನೋಡಿದರು. ನಾನು “ಅತ್ತೆ...” ಅನ್ನುವಷ್ಟರಲ್ಲಿ ಅವರು ಕೈ ತೆಗೆದು, ಕಣ್ಣಿಗೆ ಒತ್ತಿಕೊಂಡು ಹೇಳಿದರು:

“ಚೆನ್ನಾಗಿ ಉರೀತಾ ಇದೆ ಕಣೋ.”

ಅಕ್ಟೋಬರ್ 21, ಬೆಳಿಗ್ಗೆ

ಇವರು ನಿನ್ನೆಯ ಫೋಟೋ ಹಾಕಿದ್ದಾರೆ. ಮೊಬೈಲಿನಲ್ಲಿ ಮೊದಲು ಕಂಡದ್ದೇ ಅದು. ‘ಅಮ್ಮನೊಂದಿಗೆ ಬೆಳಕಿನ ಹಬ್ಬ. ಎಲ್ಲರ ಕತ್ತಲೆ ಕಳೆಯಲಿ.’ ಅತ್ತೆಯ ಬೆರಳು ಜ್ವಾಲೆಯ ಮೇಲೇ ಇದೆ, ಎಷ್ಟು ಸ್ಪಷ್ಟವಾಗಿ. ಕೆಳಗೆ ಹಾರ್ಟುಗಳೇ ಹಾರ್ಟುಗಳು. ನಾದಿನಿ ‘ಕಣ್ತುಂಬಿ ಬಂತು’ ಅಂತ ಬರೆದಿದ್ದಾಳೆ. ಆ ಬೆರಳು ಸುಡಲಿಲ್ಲವೇ ಎಂದು ಒಬ್ಬರೂ ಕೇಳಿಲ್ಲ. ಎಲ್ಲರಿಗೂ ಎರಡೆರಡು ಕಣ್ಣಿವೆ. ನನ್ನ ಅಂಗಡಿಗೆ ಬರಲಿ, ನಂಬರ್ ನೋಡುತ್ತೇನೆ.

ಅಕ್ಟೋಬರ್ 29

ಇವರ ಜೊತೆ ಮಾತು ಬಿಟ್ಟು ವಾರದ ಮೇಲಾಯಿತು. ಉಪ್ಪು, ಬೀಗದ ಕೈ, ಅಷ್ಟಕ್ಕೇ ಮಾತು.

ಅತ್ತೆಯ ತಲೆ ಬಾಚುವಾಗ ಕೇಳಿಯೇ ಬಿಟ್ಟೆ. “ಗೊತ್ತಿತ್ತಲ್ಲ. ಯಾಕೆ ಹಾಗಂದ್ರಿ?”

“ಅವನ ಮುಖ ಬಾಡ್ತಿತ್ತು.”

“ನಿಮಗೆ ಹೇಗೆ ಕಾಣುತ್ತೆ?”

“ಉಸಿರು ಬಿಗಿಹಿಡ್ಕೊಂಡಿದ್ದ. ಚಿಕ್ಕವನಿದ್ದಾಗ್ಲೂ ಸುಳ್ಳು ಹೇಳಿದ್ರೆ ಹಾಗೇ.” ಬಾಚಿ ಜಡೆ ಹಾಕಿ ಮುಗಿಸಿದ ಮೇಲೆ ಕೇಳಿದರು, “ಬತ್ತಿ ಎಲ್ಲಿಟ್ಟಿದೀಯ? ಬಿಸಾಕ್ಬೇಡ್ವೇ.”

ಡಬ್ಬಿ ತೆಗೆದು ನೋಡಿದೆ. ಒಂದೂ ಎಣ್ಣೆ ಕಂಡಿಲ್ಲ. ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ದುಃಖಕ್ಕಲ್ಲ, ಸಿಟ್ಟಿಗೆ. ಮಗನ ಮರ್ಯಾದೆ ಉಳಿಯಿತು. ಮಗನ ಮನಸ್ಸೂ ಉಳಿಯಿತು. ಎರಡನ್ನೂ ಉಳಿಸಿದ್ದು ಕಣ್ಣಿಲ್ಲದ ಮುದುಕಿ, ಅದೂ ತನ್ನ ಹಬ್ಬ ಬಿಟ್ಟುಕೊಟ್ಟು.

ನವೆಂಬರ್ 2, ಸಂಜೆ

ಕಾರ್ತಿಕ ಇನ್ನೂ ಮುಗಿದಿಲ್ಲ. ದೀಪ ಹಚ್ಚುವ ತಿಂಗಳು.

ನೋಟೀಸಿನಲ್ಲಿರುವುದು ‘ಕಟ್ಟಡದ ಒಳಗೆ’. ಮುಂಬಾಗಿಲ ಮೆಟ್ಟಿಲು ಹೊರಗಿದೆ. ಲಿಫ್ಟಿನಲ್ಲಿ ಕುರ್ಚಿ ಇಳಿಸಿದೆ, ಅತ್ತೆಯನ್ನು ಇಳಿಸಿದೆ. ಮಣ್ಣಿನ ಹಣತೆ, ಎಣ್ಣೆ, ಅವರದೇ ಬತ್ತಿ. ಹಚ್ಚಿದೆ. ಅತ್ತೆ ಕೈ ಚಾಚಿ, ಥಟ್ಟನೆ ಹಿಂದೆಗೆದುಕೊಂಡು, “ಅಯ್ಯೋ, ಸುಡ್ತು ಕಣೇ” ಎಂದು ನಕ್ಕರು. ಎಷ್ಟು ದಿನವಾಗಿತ್ತು ಅವರು ಹಾಗೆ ನಕ್ಕು. ಮೇಷ್ಟ್ರು ಬಂದವರು ಚಪ್ಪಲಿ ಬಿಟ್ಟು, ಕೈಮುಗಿದು ಒಳಗೆ ಹೋದರು.

ಪಕ್ಕದ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಇವರ ಕಾರು ಬಂತು. ಬರಲಿ. ತಲೆ ಎತ್ತುವುದಿಲ್ಲ, ಬರೆಯುತ್ತಲೇ ಇರುತ್ತೇನೆ. ಆ ಮುಖ ನೋಡುವ ಮನಸ್ಸಿಲ್ಲ.

“ಅಮ್ಮ, ಮೇಲೆ ಹೋಗೋಣ. ಎಲ್ಲರೂ ನೋಡ್ತಾರೆ.”

“ನೋಡ್ಲಿ ಬಿಡು. ದೀಪ ಹಚ್ಚೋದು ನೋಡ್ಲಿ ಅಂತಾನೇ ಅಲ್ವೇನೋ? ಕೂತ್ಕೋ. ಕೈ ಕೊಡಿಲ್ಲಿ.”

ಕೂತರು. ಅತ್ತೆ ಇವರ ಕೈ ಹಿಡಿದು ಜ್ವಾಲೆಯ ಮೇಲೆ ತಂದಿರಬೇಕು.

“ಅವತ್ತಿಂದು ಹೀಗಿರ್ಲಿಲ್ಲ, ಅಲ್ವಾ?”

ಕಾರಿನ ಕೀ ಮೆಟ್ಟಿಲ ಮೇಲಿಟ್ಟ ಸದ್ದು.

“ಇಲ್ಲಮ್ಮ.”

ಅಷ್ಟೇ. ನನ್ನ ಸಿಟ್ಟು ಇಷ್ಟಕ್ಕೆಲ್ಲ ಇಳಿಯುವುದಲ್ಲ, ಇಳಿದಿಲ್ಲ. ಆದರೆ ಗಾಳಿ ಎದ್ದಿದೆ. ನಾನು ತಲೆ ಎತ್ತಿದೆ. ಇವರು ದೀಪಕ್ಕೆ ಎರಡೂ ಕೈ ಅಡ್ಡ ಹಿಡಿದು ಕೂತಿದ್ದಾರೆ. ಒಂದು ಕಡೆಗೆ ಅವರ ಕೈ ಸಾಲುತ್ತಿಲ್ಲ, ಜ್ವಾಲೆ ಬಾಗುತ್ತಿದೆ, ನಾನೂ ಈ ಪೆನ್ನು ಬಿಟ್ಟು ಕೈ ಅಡ್ಡ —