ಅಕ್ಕನಿಗೆ ಹೇಳಿದ ಅಣುವಿಮಾನ

೧೪-೫-೯೮, ಗುರುವಾರ

ಬೆಳಿಗ್ಗೆ ಅಕ್ಕನಿಗೆ ಆಸ್ಪತ್ರೆಯಲ್ಲಿ ಕರೆಂಟು ಕೊಡಿಸಿಕೊಂಡು ಬಂದೆ. ಗರ್ಭಕೋಶದ ಗಡ್ಡೆ ಸುಡುವುದಕ್ಕೆ. ಬಂದವಳು ಕೂರಲಿಲ್ಲ. ಸೀರೆ ಎತ್ತಿ ಕಟ್ಟಿ ನೇರ ಬಚ್ಚಲಿಗೆ. ಬಾಣಂತನಕ್ಕೆ ಬಂದಿರುವ ತನ್ನ ಮಗಳು ನಂದಿತಾಳ ಕೂಸಿಗೆ ಎರೆಯಬೇಕು. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಬಿಸಿಬಿಸಿ ನೀರು. ಅದರ ಕೂಗು ಚಾಮರಾಜಪೇಟೆಗೆಲ್ಲ ಕೇಳಿಸಿರಬೇಕು.

"ಅಮ್ಮನ ಸೋದರಮಾವನ ಗಂಟಲೇ ಬಂದಿದೆ" ಅಂದೆ.

"ಗಂಟಲು ಬರ್ಲಿ. ಬಾಯಿ ಬರ್ದೆ ಇದ್ರೆ ಸಾಕು" ಅಂದಳು.

ತರಗುಪೇಟೆಯ ಮಂಡಿಯಲ್ಲಿ ಎಲ್ಲರ ಬಾಯಲ್ಲೂ ಪೋಖ್ರಾನ್. ನಮ್ಮ ನಂದಿತಾ ಫಿಸಿಕ್ಸ್ ಲೆಕ್ಚರರ್, ಅವಳನ್ನು ಒಂದು ಮಾತು ಕೇಳಿಯೇ ಬಾಂಬ್ ಸಿಡಿಸಿದ್ದು ಅಂತ ಬಿಟ್ಟೆ. ಬೇಳೆ ಅಂಗಡಿ ಶೀನಣ್ಣ ನಂಬಿಯೇಬಿಟ್ಟ! "ಹಂಗಾದ್ರೆ ಅಣುವಲ್ಲಿ ವಿಮಾನ ಯಾಕೆ ಓಡ್ಸಲ್ಲ ರಾಮಾಂಜಿನಪ್ನೋರೆ?" ನಾಳೆ ಹೇಳುತ್ತೇನೆ ಅಂದೆ. ಗೊತ್ತಿಲ್ಲ ಅನ್ನುವ ಮಾತು ನನ್ನ ಬಾಯಲ್ಲಿ ಬಂದದ್ದಿಲ್ಲ.

೧೫-೫-೯೮

ನಂದಿತಾಳನ್ನು ಕೇಳಿದೆ. ಕೂಸನ್ನು ಹೆಗಲಿಗೆ ಹಾಕಿಕೊಂಡೇ ಪಾಠ ಮಾಡಿದಳು.

"ಮಾಡಿ ನೋಡಿದ್ರು ಮಾವ, ಅಮೆರಿಕದಲ್ಲಿ. ಇಳಿಯದೇ ದಿನಗಟ್ಟಲೆ ಹಾರ್ಬೋದು ಅಂತ ಆಸೆ. ಆದ್ರೆ ಅಣುವಿನ ಒಲೆಯಿಂದ ಕಿರಣ ಬರುತ್ತಲ್ಲ, ಅದನ್ನ ತಡೆಯೋಕೆ ಸೀಸದ ಗೋಡೆ ಬೇಕು. ಗೋಡೆ ದಪ್ಪ ಆದ್ರೆ ವಿಮಾನ ಮೇಲೇಳಲ್ಲ. ತೆಳ್ಳಗಾದ್ರೆ ಒಳಗಿರೋರಿಗೆ ಅಪಾಯ."

ಪರೀಕ್ಷೆಗೆಂದು ಒಂದು ವಿಮಾನದಲ್ಲಿ ಅಣುವಿನ ಒಲೆ ಇಟ್ಟು ಹಾರಿಸಿದ್ದರಂತೆ. ಓಡಿದ್ದು ಮಾತ್ರ ಮಾಮೂಲಿ ಇಂಜಿನ್ನಿನಿಂದಲೇ. ಅದರ ಬೆನ್ನಿಗೇ ಇನ್ನೊಂದು ವಿಮಾನ, ತುಂಬ ಸೈನಿಕರು. ಮೊದಲಿನದು ಬಿದ್ದರೆ ಇವರು ಧುಮುಕಿ, ಜನ ಹತ್ತಿರ ಬರದಂತೆ ಸುತ್ತುಗಟ್ಟಬೇಕು. ಕೊನೆಗೆ ಆ ಯೋಚನೆಯನ್ನೇ ಕೈಬಿಟ್ಟರಂತೆ.

ಸಂಜೆ ಜಗಲಿಯಲ್ಲಿ ಅಕ್ಕನಿಗೂ ಕೆಲಸದ ಬೈರಮ್ಮನಿಗೂ ಇದನ್ನೇ ಹೇಳಿದೆ. ಉಪ್ಪುಖಾರ ಹಾಕದಿದ್ದರೆ ನನ್ನ ಕಥೆಗೆ ರುಚಿ ಎಲ್ಲಿ? ಪೈಲಟ್ ಮನೆಗೆ ಹೋಗಿ ಮಗಳನ್ನು ಎತ್ತಿಕೊಂಡ, ಅವನ ಮೈಯಲ್ಲಿದ್ದದ್ದು ಅವಳಿಗೂ ಹತ್ತಿತು, ಎಳೆ ಬಾಳೆಸುಳಿಯ ಹಾಗೆ ಬಾಡಿಹೋಯಿತು ಮಗು ಅಂದೆ. ಬೈರಮ್ಮ ಲೊಚಗುಟ್ಟಿದಳು. ಅಕ್ಕ ಈ ಸಲ ನಗಲಿಲ್ಲ. ಕಥೆ ಚೆನ್ನಾಗಿ ಕೂತಿತು.

೨೨-೫-೯೮

ಈ ವಾರವೆಲ್ಲ ಕೂಸಿಗೆ ಎರೆದದ್ದು ಬೈರಮ್ಮ. ಅಕ್ಕನಿಗೆ ಸುಸ್ತು ಅಂದುಕೊಂಡಿದ್ದೆ. ಇವತ್ತು ನೋಡಿದರೆ ಅವಳ ತಟ್ಟೆ, ಲೋಟ ಬೇರೆ. ಚಾಪೆ ಹಿತ್ತಲ ಬಾಗಿಲ ಹತ್ತಿರ. ಮೈಲಿಗೆಯವರ ಹಾಗೆ. ಏನಕ್ಕ ಇದು ಅಂದೆ.

"ಆಸ್ಪತ್ರೆ ನರ್ಸಮ್ಮನ್ನ ಕೇಳ್ದೆ. ಇದು ಲೈಟಿನ ಕರೆಂಟಲ್ವಂತೆ ಕಣೋ. ನಿನ್ನ ವಿಮಾನದ ಜಾತೀದೇ ಅಂತೆ. ನನ್ನೊಬ್ಳನ್ನೇ ಒಳಗೆ ಬಿಟ್ಟು, ಇಷ್ಟು ದಪ್ಪ ಬಾಗ್ಲು ಹಾಕ್ಕೊಂಡು ಎಲ್ರೂ ಆಚೆ ಓಡ್ತಾರೆ. ಸುಮ್ನೆ ಓಡ್ತಾರಾ?"

"ಅದಕ್ಕೇ ಕೂಸನ್ನ ಮುಟ್ಟಲ್ವಾ?"

"ನಾನಂತೂ ಹೋಗೋಳು. ಅದು ಈಗ ಬಂದಿರೋದು."



೨೩-೫-೯೮

ನಂದಿತಾ ಅಮ್ಮನ ಮುಂದೆ ಕೂತು ಬಿಡಿಸಿ ಹೇಳಿದಳು. "ಟಾರ್ಚ್ ಆರಿಸಿದ್ಮೇಲೆ ಗೋಡೆ ಮೇಲೆ ಬೆಳಕು ಉಳಿಯುತ್ತೇನಮ್ಮಾ? ಇದೂ ಹಂಗೇ. ಮಿಷಿನ್ ನಿಂತ ಮೇಲೆ ನಿನ್ನ ಮೈಯಲ್ಲಿ ಏನೂ ಇರಲ್ಲ." ಡಾಕ್ಟರ್ ಹತ್ತಿರವೂ ಹೇಳಿಸಿದಳು. ಅಕ್ಕ ಹೂಂ ಅಂದಳು. ಮನೆಗೆ ಬಂದು ಮತ್ತೆ ಅದೇ ಚಾಪೆ.

ನಂದಿತಾ ನನ್ನ ಕಡೆ ನೋಡಿದಳು. ಬೈದಿದ್ದರೆ ವಾಸಿಯಿತ್ತು.

೨೫-೫-೯೮

ಆ ಪೈಲಟ್‌ನ ಮಗಳ ಕಥೆ ಸುಳ್ಳು, ನಾನೇ ಕಟ್ಟಿದ್ದು ಅಂತ ಅಕ್ಕನಿಗೆ ಹೇಳಿದೆ. ದೇವರ ದೀಪ ಮುಟ್ಟಿ ಹೇಳಿದೆ.

ನಕ್ಕಳು. "ಬಿಡೋ. ಈಗ ನನ್ನ ಸಮಾಧಾನಕ್ಕೆ ಒಂದು ಕಟ್ತಿದೀಯ."

ಹುಟ್ಟಿದಾಗಿನಿಂದ ನನ್ನ ಬುರುಡೆಗೆಲ್ಲ ನಕ್ಕವಳು ಇವಳೇ. ಒಂದನ್ನೂ ನಂಬಿದವಳಲ್ಲ. ನಂಬಿದ್ದು ಇದೊಂದನ್ನೇ.

೨-೬-೯೮

ಅವಳು ಉಂಡ ತಟ್ಟೆಯಲ್ಲೇ ಅನ್ನ ಕಲಸಿ ಉಂಡೆ, ಅವಳ ಕಣ್ಣ ಮುಂದೆಯೇ. "ನೋಡು, ನನಗೇನಾಯ್ತು?" ಅಂದೆ. ತಟ್ಟೆ ಕಿತ್ತುಕೊಂಡು ಬೆನ್ನಿಗೆ ಗುದ್ದಿದಳು. "ನಿನ್ನದು ಮುದಿಮೂಳೆ! ಅದರದು ಎಳೆಮೈ ಕಣೋ!" ಆಮೇಲೆ ಅತ್ತಳು. ನಾನೂ ಅತ್ತೆ. ಎದ್ದುಬಂದು ಮುಖ ತೊಳೆದು ಮಂಡಿಗೆ ಹೋದೆ. ಶೀನಣ್ಣ ವಿಮಾನದ ಸುದ್ದಿ ಕೇಳಿದ. ನನಗೆ ಗೊತ್ತಿಲ್ಲ ಅಂದೆ.

೧೧-೭-೯೮

ಕರೆಂಟು ಕೊಟ್ಟು ಮುಗಿದು ಬಹಳ ದಿನವಾಯಿತು. ಗಡ್ಡೆ ಕರಗಲಿಲ್ಲ. ಮನೆಯಲ್ಲೇ ನೋಡಿಕೊಳ್ಳಿ ಅಂದರು.

ಮಧ್ಯಾಹ್ನ ಅವಳ ಮಂಚದ ಅಂಚಿನಲ್ಲಿ ಕೂಸನ್ನು ಮಲಗಿಸಿದೆ, ಕೇಳದೆ. ಗೋಡೆಗೆ ಒತ್ತಿಕೊಂಡು ಎರಡೂ ಕೈ ಮೇಲೆತ್ತಿ ಹಿಡಿದಳು. ಕೈ ಇಳಿಸಲಿಲ್ಲ. ಕಣ್ಣಲ್ಲಿ ಮಾತ್ರ ನೋಡಿದಳು, ನೋಡೇ ನೋಡಿದಳು. ಕೂಸು ಅವಳ ಕಡೆ ಕಾಲು ಝಾಡಿಸಿ ನಕ್ಕಿತು.

"ಎತ್ಕೊಳೋ ರಾಮಾಂಜಿ... ಕೈ ಸೋತ್ಹೋಗುತ್ತೆ..."

ಎತ್ತಿಕೊಂಡೆ.

೩-೮-೯೮, ಬೆಳಿಗ್ಗೆ

ಅಕ್ಕ ಹೋದಳು. ನಡುಮನೆಯಲ್ಲಿ ಮಲಗಿಸಿದೆ. ಎಳೆಕೂಸನ್ನು ಹೆಣದ ಹತ್ತಿರ ತರಬೇಡ ಅಂತ ಬೈರಮ್ಮ ಅಡ್ಡ ನಿಂತಳು. ನಂದಿತಾ ಕೇಳಲಿಲ್ಲ. ತಂದು ಅಮ್ಮನ ಮಗ್ಗುಲಲ್ಲಿ ಇಟ್ಟಳು. ಕೂಸು ಅಜ್ಜಿಯ ಕಿರುಬೆರಳು ಹಿಡಿದುಕೊಂಡಿತು. ಅಕ್ಕ ಎಳೆದುಕೊಳ್ಳಲಿಲ್ಲ.

ಟವೆಲ್ಲಿಗೆ ಅಂತ ಮೇಲೆ ಬಂದವನು ಇದನ್ನು ಬರೆಯುತ್ತ ಕೂತೆ. ಕೆಳಗಿಂದ ಕರೆಯುತ್ತಿದ್ದಾರೆ. ಹೊತ್ತಾಯಿತಂತೆ, ಎತ್ತಬೇಕಂತೆ. ಕೂಸು ಇನ್ನೂ ಬೆರಳು ಬಿಟ್ಟಿಲ್ಲವಂತೆ. ನಂದಿತಾಳ ಸೋದರಮಾವ ಬಂದು ಬಿಡಿಸಲಿ ಅಂತಿದ್ದಾರೆ.

ನನ್ನ ಕೈಲಿ—